ಕೊಡಚಾದ್ರಿ: ಹಿಡ್ಲುಮನೆ ಕಡೆ ಹತ್ತಿ ಜೀಪ್ ದಾರಿಯಲ್ಲಿ ಇಳಿಯಬಹುದಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಹೋಗುವ ಯೋಚನೆ ಇದೆ. 61 ವರ್ಷ, ದಿನಾ ನಡೆಯುತ್ತಾರೆ, ಮಂಡಿ ಮಾತ್ರ ಸ್ವಲ್ಪ ತಕರಾರು. ಹೋದ ದಾರಿಯಲ್ಲೇ ವಾಪಸ್ ಬರುವುದು ಬೇಜಾರು. ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತಿ ಜೀಪ್ ರಸ್ತೆಯಲ್ಲಿ ಇಳಿದರೆ ಒಂದೇ ದಿನಕ್ಕೆ ಆಗುತ್ತಾ?

ಉತ್ತರ 1: ಬೆಳಿಗ್ಗೆ ಬೇಗ ಹೊರಟರೆ ಆಗುತ್ತದೆ. ನೀವು ಹೇಳಿದ ದಿಕ್ಕೇ ಸರಿ, ಉಲ್ಟಾ ಮಾಡಬೇಡಿ. ಜಲಪಾತದ ಪಕ್ಕ ಬಂಡೆ ಹಿಡಿದು ಹತ್ತಬೇಕು. ಹತ್ತುವಾಗ ಅದೇ ಮಜಾ, ಇಳಿಯುವಾಗ ಜಾರುಬಂಡೆ! ಆಮೇಲೆ ಕಾಡು ಮುಗಿದು ಹುಲ್ಲುಗಾವಲು, ನೆರಳು ಕಡಿಮೆ. ಟೋಪಿ, ನೀರು ಜಾಸ್ತಿ ಇರಲಿ. ಶಿಖರ 1,343 ಮೀಟರ್. ಸರ್ವಜ್ಞ ಪೀಠದ ಪುಟ್ಟ ಕಲ್ಲು ಮಂಟಪದ ಹತ್ತಿರ ಬುತ್ತಿ ಬಿಚ್ಚಿ.

ಉತ್ತರ 2: ಮಂಡಿಗೆ ಕಷ್ಟ ಕೊಡುವುದು ಇಳಿಜಾರೇ ಅಲ್ವಾ? ಅಪ್ಪನಿಗೆ ಒಂದು ಕೋಲು ಕೊಡಿ. ಮೇಲಿಂದ ಜೀಪ್ ಸಿಗುತ್ತದೆ ಅಂತ ಸುಮ್ನೆ ನಂಬಬೇಡಿ. ಬರುವ ಜೀಪುಗಳಲ್ಲಿ ಅವರವರ ಜನವೇ ತುಂಬಿರುತ್ತಾರೆ. ಮೊದಲೇ ಮಾತಾಡಿಕೊಳ್ಳಿ. ಜಲಪಾತದ ದಾರಿ ತೆರೆದಿದೆಯಾ ಅಂತ ಅರಣ್ಯ ಇಲಾಖೆಯವರನ್ನೂ ಕೇಳಿ.

ಪ್ರಶ್ನೆ ಕೇಳಿದವರು: ಜಿಗಣೆ?

ಉತ್ತರ 1: ಮಳೆಗಾಲದಷ್ಟು ಇರುವುದಿಲ್ಲ. ಆದರೂ ಸುಣ್ಣದ ಡಬ್ಬಿ ಜೇಬಲ್ಲಿರಲಿ.