ಪದಚರ್ಚೆ: ರಾಕ್‌ನಿಂದ ಕುಣಿತದ ಸಂಗೀತಕ್ಕೆ ‘ಹೊರಳಿದರು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಕ್ರಿಯಾಪದ ನನ್ನ ಬೆನ್ನು ಬಿಟ್ಟಿಲ್ಲ. ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಕುರಿತ ಲೇಖನವೊಂದರಲ್ಲಿ ‘1997ರಲ್ಲಿ ಅವರು ಎಲೆಕ್ಟ್ರಾನಿಕ್ ಕುಣಿತದ ಸಂಗೀತದತ್ತ ಹೊರಳಿದರು, ಅಭಿಮಾನಿಗಳು ಎರಡು ಪಾಲಾದರು’ ಎಂದು ಬರೆದಿದ್ದೆ. ಅಚ್ಚಾಗುವ ಹೊತ್ತಿಗೆ ಅದು ‘ವಿದ್ಯುನ್ಮಾನ ನೃತ್ಯಸಂಗೀತಕ್ಕೆ ವಿವಾದಾತ್ಮಕ ಪಕ್ಷಾಂತರ ಮಾಡಿದರು’ ಎಂದಾಗಿತ್ತು. ನೋಡಿ ಹೊಟ್ಟೆ ಉರಿಯಿತು. ಫೋನ್ ಮಾಡಿ ಕೇಳಿದರೆ, ತಿದ್ದಿದವರು ‘ಹೊರಳೋದು ಅಂದ್ರೆ ಹಾಸಿಗೇಲಿ ಅಲ್ವೇನ್ರೀ?’ ಅಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಡೆದದ್ದೇನು ಅಂತ ಹೇಳಿಬಿಡುತ್ತೇನೆ. 1997ರ ಜನವರಿ 8ಕ್ಕೆ ಬೋವಿಗೆ ಐವತ್ತು ತುಂಬಿತು. ಫೆಬ್ರವರಿ 3ಕ್ಕೆ ‘ಅರ್ಥ್ಲಿಂಗ್’ ಆಲ್ಬಂ ಬಂತು. ಅದರ ತುಂಬ ಡ್ರಮ್ ಅಂಡ್ ಬೇಸ್ ಶೈಲಿ, ಅಂದರೆ ಲಂಡನ್ನಿನ ಹುಡುಗರು ಐದಾರು ವರ್ಷದಿಂದ ರಾತ್ರಿ ಬೆಳಗೂ ಕುಣಿಯುತ್ತಿದ್ದ, ನಿಮಿಷಕ್ಕೆ 160ಕ್ಕೂ ಮೇಲ್ಪಟ್ಟು ಬಡಿತದ ಸಂಗೀತ. (ಇದರ ಮೊದಲ ಹೆಸರು ಜಂಗಲ್. ಅದನ್ನು ‘ಕಾಡಿನ ಸಂಗೀತ’ ಅಂದವರಿದ್ದಾರೆ. ದಯವಿಟ್ಟು ಬೇಡ. ಅದು ಅಪ್ಪಟ ಪೇಟೆಯ ಸಂಗೀತ.) ಕೆಲವರು ‘ಐವತ್ತರಲ್ಲೂ ಎಂಥ ಕಸುವು’ ಅಂದರು. ಇನ್ನು ಕೆಲವರು ‘ಹುಡುಗರ ಸಂತೆಗೆ ತಡವಾಗಿ ಬಂದ, ಹಳೇ ರಾಕ್ ಹಾಡಿಗೆ ಹೊಸ ಒಗ್ಗರಣೆ ಹಾಕಿದ’ ಅಂದರು.

‘ವಿವಾದಾತ್ಮಕ’ ಎಂಬ ಪದ ನನಗೆ ಒಗ್ಗದಿರುವುದು ಇಲ್ಲೇ. ಕನ್ನಡದಲ್ಲಿ ವಿವಾದ ಎಂದ ಕೂಡಲೇ ಹೇಳಿಕೆ, ಪ್ರತಿಭಟನೆ, ಕ್ಷಮೆಯಾಚನೆ ಕಣ್ಣ ಮುಂದೆ ಬರುತ್ತವೆ. ಬೋವಿ ವಿಷಯದಲ್ಲಿ ಅಂಥದ್ದೇನೂ ನಡೆಯಲಿಲ್ಲ. ಕೇಳುವವರಲ್ಲಿ ಬಿರುಕು ಬಿತ್ತು, ಅಷ್ಟೇ. ‘ವಿವಾದಾತ್ಮಕ’ ಎಂದರೆ ದೋಷವನ್ನು ಹಾಡಿನ ತಲೆಗೆ ಕಟ್ಟಿದ ಹಾಗೆ. ‘ಕೇಳುಗರು ಎರಡು ಪಾಲಾದರು’ ಎಂದರೆ ಒಡೆದವರು ಯಾರೋ ಅವರ ಹೆಸರಿಗೇ ಕ್ರಿಯೆ ನಿಲ್ಲುತ್ತದೆ. ಎಲ್ಲದಕ್ಕೂ ‘ಆತ್ಮಕ’ ಹಚ್ಚಿ ವಿಶೇಷಣ ಮಾಡುವ ಬದಲು ಒಂದು ಪುಟ್ಟ ವಾಕ್ಯವನ್ನೇ ಬರೆಯುವುದು ನಮ್ಮ ನುಡಿಗೆ ಸಹಜ ಎಂದು ನನ್ನ ನಂಬಿಕೆ.

‘ನೃತ್ಯಸಂಗೀತ’ ಇನ್ನೊಂದು ತೊಡಕು. ಅದನ್ನು ಓದಿದರೆ ನಟುವಾಂಗದ ತಾಳ ಕೇಳಿಸುತ್ತದೆ. ನೃತ್ಯವನ್ನು ಒಬ್ಬರು ಕಲಿತು ಮಾಡುತ್ತಾರೆ, ಉಳಿದವರು ಕುಳಿತು ನೋಡುತ್ತಾರೆ. ಈ ಸಂಗೀತದಲ್ಲಿ ನೋಡುವವರೇ ಇಲ್ಲ, ಬಂದವರೆಲ್ಲ ಕುಣಿಯುವವರೇ. ಜಾತ್ರೆಯಲ್ಲಿ ಡೊಳ್ಳಿನ ಹಿಂದೆ ನಡೆಯುತ್ತಾ ನಡೆಯುತ್ತಾ ಕಾಲು ತಾನಾಗಿ ಎದ್ದುಬಿಡುತ್ತದಲ್ಲ, ಅದು ಕುಣಿತ. ‘ವಿದ್ಯುನ್ಮಾನ’ವನ್ನು ಮತಯಂತ್ರಕ್ಕೇ ಬಿಡೋಣ, ಎಲೆಕ್ಟ್ರಾನಿಕ್ ಎಲ್ಲರಿಗೂ ಗೊತ್ತು.

ಬಡಿತದ ಬಗ್ಗೆ ಬರೆಯುವಾಗ ನೆರವಾದವರು ನಮ್ಮ ಪಕ್ಕದ ಮನೆಯ ಮೃದಂಗದ ಮೇಷ್ಟ್ರು. ಒಂದು ಸಂಜೆ ಅವರಿಗೆ ‘ಅರ್ಥ್ಲಿಂಗ್’ ಆಲ್ಬಮ್ಮಿನ ‘ಲಿಟಲ್ ವಂಡರ್’ ಹಾಡು ಕೇಳಿಸಿದೆ. ಇಯರ್‌ಫೋನ್ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಡ್ರಮ್ಮಿನ ಆ ಓಟಕ್ಕೆ ಕೈ ಅದುರುತ್ತದೆ ಎಂದುಕೊಂಡಿದ್ದೆ. ಇಲ್ಲ, ನಿಧಾನವಾಗಿ, ಕೆಳಗಿನ ಬೇಸ್‌ಗೆ ತಕ್ಕ ಹಾಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎಡಗೈಯ ಬೆರಳುಗಳು ಸೋಫಾದ ಅಂಚಿನ ಮೇಲೆ ಅದರ ದುಪ್ಪಟ್ಟು ವೇಗದಲ್ಲಿ ಆಡಿದವು. ಇಯರ್‌ಫೋನ್ ತೆಗೆದು ಅಂದರು: ‘ಇದರಲ್ಲಿ ಗಾಬರಿ ಏನಿದೆ? ಕೆಳಗೆ ಒಂದನೇ ಕಾಲ, ಮೇಲೆ ಎರಡನೇ ಕಾಲ. ಎರಡೂ ಒಟ್ಟಿಗೆ ಹೋಗ್ತಿವೆ.’ ನಾನು ಒಂದಿಡೀ ಪ್ಯಾರಾ ಬರೆದು ವಿವರಿಸಿದ್ದನ್ನು ಅವರು ಒಂದೇ ಮಾತಲ್ಲಿ ಮುಗಿಸಿದರು. ಸುತ್ತಿ ಸುತ್ತಿ ಬರುವ ಲೂಪಿಗೂ ಅವರ ಹತ್ತಿರ ಪದ ಸಿದ್ಧವಿತ್ತು: ಆವರ್ತ.

ಸ್ಯಾಂಪಲ್ (ಬೇರೆಯವರ ಹಾಡಿನಿಂದ ಕತ್ತರಿಸಿ ತಂದು ತಮ್ಮ ಹಾಡಿನಲ್ಲಿ ಬಳಸುವ ತುಣುಕು) ಎಂಬುದಕ್ಕೆ ಮಾತ್ರ ಸರಿಯಾದ ಪದ ಸಿಕ್ಕಿಲ್ಲ. ನಿಘಂಟಿನ ‘ಮಾದರಿ’ ಅಕ್ಕಿ ಅಂಗಡಿಗೆ ಸರಿ, ಇಲ್ಲಿ ಸಲ್ಲದು. ‘ಎರವಲು’ ಎಂದು ಬರೆದು ಹೊಡೆದುಹಾಕಿದೆ. ಎರವಲು ತಂದದ್ದನ್ನು ಹಿಂದಿರುಗಿಸಬೇಕು. ಜಂಗಲ್ ಸಂಗೀತದ ಬುನಾದಿಯಾದ ‘ಅಮೆನ್’ ಬಡಿತ ದಿ ವಿನ್‌ಸ್ಟನ್ಸ್ ತಂಡದ 1969ರ ಒಂದು ಹಾಡಿನ ನಡುವಿನ ಕೆಲವೇ ಸೆಕೆಂಡುಗಳ ಡ್ರಮ್. ಅದನ್ನು ಸಾವಿರಾರು ಹಾಡುಗಳಲ್ಲಿ ಬಳಸಿಕೊಂಡರು. ಬಾರಿಸಿದ ಗ್ರೆಗರಿ ಕೋಲ್ಮನ್‌ಗೆ ರಾಯಲ್ಟಿ ಎಂದು ಒಂದು ಕಾಸೂ ಬರಲಿಲ್ಲ. ಇದಕ್ಕೆ ಎರವಲು ಎನ್ನಲು ಮನಸ್ಸು ಒಪ್ಪುವುದಿಲ್ಲ. ಬೋವಿ ಇನ್ನೊಂದು ದಾರಿ ಹಿಡಿದರು: ತಮ್ಮ ಡ್ರಮ್ಮರ್ ಜ್ಯಾಕರಿ ಆಲ್ಫರ್ಡ್ ಕೈಯಲ್ಲೇ ಬಾರಿಸಿ, ಆ ಆವರ್ತಗಳ ವೇಗವನ್ನು 160ಕ್ಕೆ ಏರಿಸಿದರು. ರೀವ್ಸ್ ಗೇಬ್ರೆಲ್ಸ್ ಗಿಟಾರನ್ನೂ ಹಾಗೆಯೇ ತುಂಡು ಮಾಡಿ ಮರುಜೋಡಿಸಿದರು. ಬೇರೆಯವರ ಹಿತ್ತಲಿಂದ ಕಿತ್ತು ತಂದದ್ದಲ್ಲ, ಮನೆಯಲ್ಲೇ ಬೆಳೆದದ್ದು. ‘ಒಗ್ಗರಣೆ’ ಎಂದವರು ಇದನ್ನು ಗಮನಿಸಲಿಲ್ಲ ಎಂಬುದು ನನ್ನ ತಕರಾರು.

ಈಗ ಆ ಕ್ರಿಯಾಪದಕ್ಕೆ ಬರುತ್ತೇನೆ.

‘ಪಕ್ಷಾಂತರ’ ಖಂಡಿತ ಬೇಡ. ನಮ್ಮ ರಾಜಕೀಯ ಆ ಪದಕ್ಕೆ ಅಂಟಿಸಿರುವ ಲಾಭದ ವಾಸನೆ ಯಾವ ಕಲಾವಿದರಿಗೂ ಬೇಡ. ‘ವಾಲಿದರು’ ಎಂದರೆ ಇನ್ನೇನು ಬೀಳುವ ಗೋಡೆ ನೆನಪಾಗುತ್ತದೆ. ‘ಹಾದಿ ಬಿಟ್ಟರು’ ಎಂದರೆ ಹಾದಿ ಒಂದೇ ಇತ್ತು ಎಂದು ಮೊದಲೇ ಒಪ್ಪಿಕೊಂಡಂತೆ. ರಾಕ್ ಗಾಯಕ ನೀಲ್ ಯಂಗ್ ತಮ್ಮ ದನಿಯನ್ನು ಯಂತ್ರದ ಮೂಲಕ ಹಾಯಿಸಿ ಹಾಡಿದ್ದಕ್ಕೂ ಅದರ ಮುಂದಿನ ಆಲ್ಬಮ್ಮಿಗೂ ಸೇರಿಸಿ, ‘ಇದು ನಿಮ್ಮ ಸಂಗೀತದ ಹಾಗಿಲ್ಲ’ ಎಂದು ಅವರ ಹಾಡುಗಳನ್ನು ಹೊರತರುತ್ತಿದ್ದ ಕಂಪನಿಯೇ 1983ರಲ್ಲಿ ಮೊಕದ್ದಮೆ ಹೂಡಿತ್ತು. ‘ಹಾದಿ ಬಿಟ್ಟರು’ ಎಂಬುದು ಆ ಕಂಪನಿಯ ಬಾಯಲ್ಲಿ ಬರುವ ಮಾತು, ಕೇಳುಗರ ಮಾತಲ್ಲ.

‘ಹೊರಳು’ ನಮ್ಮ ವಿಮರ್ಶೆಯಲ್ಲಿ ಬೇರೂರಿರುವ ಪದವೇ. ಅಡಿಗರು ನವೋದಯದಿಂದ ನವ್ಯದತ್ತ ಹೊರಳಿದರು ಎಂದು ಓದಿಯೇ ನಾವೆಲ್ಲ ಬೆಳೆದದ್ದು. ಆದರೆ ಆ ಮಾತಿನಲ್ಲಿ ಹೊರಳಿದವರು ಮತ್ತೆ ಹಿಂದಿನ ಕಡೆಗೆ ಬರುವುದಿಲ್ಲ ಎಂಬ ಧ್ವನಿಯಿದೆ. ಬೋವಿಗೆ ಅದು ಹೊಂದುವುದಿಲ್ಲ. 1977ರಲ್ಲೇ ‘ಲೋ’ ಆಲ್ಬಮ್ಮಿನಲ್ಲಿ ಸಿಂಥಸೈಸರ್ ಹಿಡಿದು ಒಮ್ಮೆ ಆ ಕಡೆ ಹೋಗಿ ಬಂದವರು ಅವರು. 1997ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಫೀನಿಕ್ಸ್ ಉತ್ಸವಕ್ಕೆ ಬಂದಾಗ ಒಂದು ದಿನ ಕುಣಿತದ ಡೇರೆಯಲ್ಲಿ ‘ಟಾವೊ ಜೋನ್ಸ್ ಇಂಡೆಕ್ಸ್’ ಎಂಬ ಬೇರೆ ಹೆಸರಿನಲ್ಲಿ ನುಡಿಸಿ, ಮರುದಿನ ಬೋವಿಯಾಗಿಯೇ ಮುಖ್ಯ ವೇದಿಕೆ ಹತ್ತಿದರು. ಆ ಹೆಸರಿನಲ್ಲಿ ಷೇರುಪೇಟೆಯ ಡೌ ಜೋನ್ಸ್ ಇದೆ. ಜೊತೆಗೆ ಅವರ ಸ್ವಂತ ಹೆಸರೂ ಇದೆ, ಏಕೆಂದರೆ ಬೋವಿ ಹುಟ್ಟಿದ್ದು ಡೇವಿಡ್ ಜೋನ್ಸ್ ಆಗಿ. ವೇಷ ಹಾಕಲು ಹೋಗಿ ಅಪ್ಪ ಅಮ್ಮ ಇಟ್ಟ ಹೆಸರನ್ನೇ ಹಾಕಿಕೊಂಡವರನ್ನು ‘ಬೇರೆಯಾದರು’ ಎನ್ನುವುದು ಹೇಗೆ?

ಅದಕ್ಕೇ ‘ಮಗ್ಗುಲು ಬದಲಿಸಿದರು’ ನನಗೆ ಹತ್ತಿರದ್ದು ಅನ್ನಿಸಿದೆ. ಮೈ ಅದೇ, ಹಾಸಿಗೆ ಅದೇ, ಬೇಕೆಂದಾಗ ಮತ್ತೆ ಈ ಕಡೆಗೂ ತಿರುಗಬಹುದು. ತಿದ್ದಿದವರು ಹೇಳಿದ ಹಾಸಿಗೆಯ ಅರ್ಥವನ್ನೇ ಬಳಸಿಕೊಂಡ ಹಾಗೂ ಆಗುತ್ತದೆ. ನನಗಿರುವ ಅಳುಕು ಇಷ್ಟೇ: ಮಗ್ಗುಲು ಬದಲಿಸುವುದರಲ್ಲಿ ನಿದ್ದೆಗಣ್ಣಿನ ಛಾಯೆ ಇದೆ, ಬೋವಿ ಪೂರ್ತಿ ಎಚ್ಚರದಲ್ಲಿದ್ದು ಮಾಡಿದ ಕೆಲಸ ಅದು.

ಹೀಗೆ ಯೋಚಿಸುತ್ತಿದ್ದಾಗ ಯಕ್ಷಗಾನದ ‘ತಿಟ್ಟು’, ಅಂದರೆ ಆಯಾ ಸೀಮೆಯ ಶೈಲಿ, ನೆನಪಾಯಿತು. ಬಡಗಿನಲ್ಲಿ ಹೆಸರು ಮಾಡಿದವರು ತೆಂಕುತಿಟ್ಟಿನ ಮೇಳಕ್ಕೆ ಹೋದರೆ ಹೆಜ್ಜೆ, ಚೆಂಡೆ, ವೇಷ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಪ್ರೇಕ್ಷಕರಲ್ಲೂ ಮೆಚ್ಚುವವರು, ಮುನಿಯುವವರು ಎಂದು ಎರಡು ಪಾಲು. ಅಂಥವರ ಬಗ್ಗೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ), ಬಯಲಲ್ಲಿ ಜನ ಯಾವ ಕ್ರಿಯಾಪದ ಬಳಸುತ್ತಾರೆ? ತಿಟ್ಟು ಬದಲಿಸಿದರು ಅಂತಲೋ, ದಾಟಿದರು ಅಂತಲೋ, ಸೇರಿದರು ಅಂತಲೋ, ಅಥವಾ ನಾನು ಕೇಳಿಯೇ ಇರದ ಬೇರೇನಾದರೂ ಇದೆಯೋ? ಉಡುಪಿ, ಕುಂದಾಪುರ, ಕಾಸರಗೋಡು ಕಡೆಯವರು ಕಿವಿಯಾರೆ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ತಿಳಿಸಿ. ಲೇಖನ ಪುಸ್ತಕಕ್ಕೆ ಹೋಗುವ ಮೊದಲು ಆ ವಾಕ್ಯವನ್ನು ಸರಿಪಡಿಸಬೇಕು.