ಕಿಣ್ವ ‘ಕಡಿಮೆ’, ಕಿಣ್ವದ ‘ಕೊರತೆ’: ಎರಡೂ ಒಂದೇನಾ?

ಬಳಗದ ಎಲ್ಲರಿಗೂ ನಮಸ್ಕಾರ.

ಲೈಸೊಸೋಮ್ ಕಾಯಿಲೆಗಳಿರುವ ಕುಟುಂಬಗಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಕೂಸನ್ನು ಈ ಕಾಯಿಲೆಯಲ್ಲಿ ಕಳೆದುಕೊಂಡು ಮತ್ತೆ ಬಸುರಿಯಾದ ಹೆಣ್ಣುಮಗಳು ಓದುವ ಬರಹ ಇದು. ಅದರ ಒಂದು ಮಾತಿನ ವಿಚಾರದಲ್ಲಿ ನಿಮ್ಮನ್ನು ಕೇಳಬೇಕಾಗಿದೆ.

ಮೊದಲು ಹಿನ್ನೆಲೆ. ನಮ್ಮ ಜೀವಕೋಶಗಳಲ್ಲಿ ಲೈಸೊಸೋಮ್ ಎಂಬ ಪುಟ್ಟ ಚೀಲಗಳಿವೆ. ಬೆಲ್ಜಿಯಂನ ವಿಜ್ಞಾನಿ ಕ್ರಿಸ್ಟಿಯಾನ್ ಡಿ ಡೂವ್ 1955ರಲ್ಲಿ ಇವಕ್ಕೆ ಆ ಹೆಸರಿಟ್ಟರು. ಕೋಶಕ್ಕೆ ಬೇಡವಾದ ದೊಡ್ಡ ಅಣುಗಳನ್ನು ಒಡೆದು ಹಾಕುವ ಕಿಣ್ವಗಳು ಇರುವುದು ಅಲ್ಲಿ. ಅವುಗಳಲ್ಲಿ ಒಂದು ಕೆಲಸ ಮಾಡದೆ ಹೋದರೂ ಅದು ಒಡೆಯಬೇಕಾದ ವಸ್ತು ಅಲ್ಲೇ ಕಟ್ಟಿಕೊಳ್ಳುತ್ತದೆ: ಟೇ-ಸ್ಯಾಕ್ಸ್ ಕಾಯಿಲೆಯಲ್ಲಿ ನರಕೋಶಗಳಲ್ಲಿ, ಪಾಂಪೆಯಲ್ಲಿ ಹೃದಯ ಮತ್ತು ಸ್ನಾಯುಗಳಲ್ಲಿ. ಇವನ್ನು ‘ಸಂಗ್ರಹ ರೋಗ’ ಎನ್ನುವವರಿದ್ದಾರೆ. ಸಂಗ್ರಹ ಎಂದರೆ ಬೇಕೆಂದು ಕೂಡಿಡುವುದು. ಕಫ ಕಟ್ಟುತ್ತದೆ, ಮೂಗು ಕಟ್ಟುತ್ತದೆ ಎನ್ನುವ ನಾಡಿನಲ್ಲಿ ‘ಕಟ್ಟಿಕೊಳ್ಳುವ ಕಾಯಿಲೆ’ ಎಂದರೆ ಸಾಕು. ಅದು ನನಗೆ ಇತ್ಯರ್ಥವಾಗಿದೆ.

ತೊಡಕು ಇರುವುದು ಹೊಟ್ಟೆಯಲ್ಲಿರುವ ಮಗುವಿಗೆ ಈ ಕಾಯಿಲೆ ಇದೆಯೇ ಎಂದು ನೋಡುವ ಪರೀಕ್ಷೆಯ ಫಲಿತಾಂಶದಲ್ಲಿ. ಈ ಕಾಯಿಲೆಗಳಲ್ಲಿ ಹೆಚ್ಚಿನವು ಬರುವುದು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ಮನೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇರುವ ದಂಪತಿಗೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಂಭವ 25%, ಒಂದೇ ಕೆಟ್ಟ ಜೀನ್ ಇರುವ ಮಗು ಹುಟ್ಟುವ ಸಂಭವ 50%. ಒಂದೇ ಇರುವ ಮಗುವಿನಲ್ಲಿ ಕಿಣ್ವದ ಚಟುವಟಿಕೆ ಸುಮಾರು ಅರ್ಧ. ಆ ಅರ್ಧದಲ್ಲೇ ದೇಹದ ಕೆಲಸ ಪೂರ್ತಿ ನಡೆಯುತ್ತದೆ, ಮಗುವಿಗೆ ಆ ಕಾಯಿಲೆ ಬರುವುದಿಲ್ಲ. ಅದರ ತಂದೆತಾಯಿಯೂ ಹೀಗೆಯೇ ಇರುವವರು.

ಪರೀಕ್ಷೆಗೆ ಸುಮಾರು 11ನೇ ವಾರದಿಂದ ಮಾಸಿನ ಎಳೆಗಳನ್ನು ತೆಗೆಯುತ್ತಾರೆ. ಇಲ್ಲವೇ 16ನೇ ವಾರದ ಹೊತ್ತಿಗೆ ಗರ್ಭದ ನೀರು ತೆಗೆದು, ಅದರಲ್ಲಿರುವ ಮಗುವಿನ ಜೀವಕೋಶಗಳನ್ನು ಬೆಳೆಸಿಕೊಳ್ಳುತ್ತಾರೆ. ಎಳೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ತಾಯಿಯ ಗರ್ಭಕೋಶದ ಚೂರುಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುವ ಕೆಲಸ ತುಂಬ ಮುಖ್ಯ. ಅವು ಉಳಿದರೆ ತಾಯಿಯ ಕಿಣ್ವವೂ ಲೆಕ್ಕಕ್ಕೆ ಸೇರಿ, ಕಾಯಿಲೆಯ ಮಗುವೂ ಆರೋಗ್ಯದ ಮಗುವಿನಂತೆ ಕಾಣಬಹುದು. (ಇದಕ್ಕೆ ‘ಕಲಬೆರಕೆ’ ಎಂದು ಯಾರೂ ಸೂಚಿಸಬೇಡಿ; ತಾಯಿಯ ಎದುರು ಆಡುವ ಮಾತಲ್ಲ ಅದು.) ಬಳಿಕ ಕಿಣ್ವಕ್ಕೆ ಒಂದು ಕೃತಕ ವಸ್ತುವನ್ನು ಕೊಡುತ್ತಾರೆ. ಕಿಣ್ವ ಅದನ್ನು ಕತ್ತರಿಸಿದರೆ ಬಿಡುಗಡೆಯಾಗುವ ರಾಸಾಯನಿಕ ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಆ ಹೊಳಪನ್ನು ಅಳೆದು, ಆರೋಗ್ಯದ ಬಸಿರುಗಳ ಅಳತೆಯ ಪಕ್ಕದಲ್ಲಿಟ್ಟು ನೋಡುತ್ತಾರೆ.

ಅಂದರೆ ಕೈಗೆ ಬರುವುದು ಒಂದು ಅಂಕಿ. ‘ಮಗುವಿನಲ್ಲಿ ಕಿಣ್ವ ಕಡಿಮೆ ಇದೆ’ ಎಂದು ಬರೆದರೆ ಆ ಮಾತು ಕಾಯಿಲೆಯ ಮಗುವಿಗೂ ಸತ್ಯ, ಅರ್ಧ ಕಿಣ್ವವಿದ್ದು ನಗುನಗುತ್ತಾ ಬೆಳೆಯುವ ಮಗುವಿಗೂ ಸತ್ಯ. ಬಸಿರನ್ನು ಉಳಿಸಿಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸಬೇಕಾದ ಮನೆಯಲ್ಲಿ ಇಂಥ ಇಬ್ಬಂದಿ ಮಾತು ಇರಕೂಡದು.

ನನಗೆ ತೋಚಿದ್ದು ಇಷ್ಟು. ‘ಕಡಿಮೆ’ ಬರೀ ಹೋಲಿಕೆಯ ಮಾತು. ‘ಕೊರತೆ’ ಎಂದರೆ ಬೇಕಾದದ್ದಕ್ಕೆ ಸಾಲದೆ ಬರುವುದು. ‘ಸಂಬಳ ಕಡಿಮೆ, ಆದರೆ ಮನೆಗೇನೂ ಕೊರತೆಯಿಲ್ಲ’ ಎನ್ನುತ್ತೇವಲ್ಲ, ಹಾಗೆ. ಈ ಲೆಕ್ಕದಲ್ಲಿ ಒಂದೇ ಕೆಟ್ಟ ಜೀನ್ ಇರುವವರಿಗೆ ಕಿಣ್ವ ಕಡಿಮೆ, ಆದರೆ ಕೊರತೆಯಿಲ್ಲ. ‘ಕೊರತೆ’ಯನ್ನು ಕಾಯಿಲೆಯ ಮಗುವಿಗೆ ಮಾತ್ರ ಮೀಸಲಿಡಬೇಕೆಂದು ನನ್ನ ಆಸೆ. ‘ಅಭಾವ’ ಎಂದರೆ ಹೆಚ್ಚಾಯಿತು. ಶಿಶುಗಳ ಟೇ-ಸ್ಯಾಕ್ಸ್‌ನಲ್ಲಿ ಹೆಕ್ಸೊಸಮಿನಿಡೇಸ್-ಎ ಕಿಣ್ವ ಇಲ್ಲವೆನ್ನುವಷ್ಟೇ ಇರುತ್ತದೆ, ನಿಜ. ದೊಡ್ಡವರಾದ ಮೇಲೆ ಕಾಣಿಸುವ ಬಗೆಯಲ್ಲಿ ಸ್ವಲ್ಪ ಉಳಿದಿರುತ್ತದೆ.

ಇನ್ನೊಂದು ಸ್ಥಿತಿಯೂ ಇದೆ. ಆರಿಲ್‌ಸಲ್ಫಟೇಸ್-ಎ ಕಿಣ್ವದ ಅಳತೆ ತೀರ ಕೆಳಗಿದ್ದರೂ ಕೆಲವರು ಜೀವಮಾನವಿಡೀ ಆರೋಗ್ಯವಾಗಿಯೇ ಇರುತ್ತಾರೆ. ಇದನ್ನು ಆ ಕಿಣ್ವದ ಕೊರತೆಯಿಂದ ಬರುವ ಮೆಟಾಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರಫಿ ಕಾಯಿಲೆ ಎಂದು ತಪ್ಪಾಗಿ ತಿಳಿಯಬಾರದೆಂದೇ ಮೊದಲು ತಂದೆತಾಯಿಯ ಕಿಣ್ವ ನೋಡುತ್ತಾರೆ, ಜೀನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಇದಕ್ಕೆ ‘ಹುಸಿ ಕೊರತೆ’ ಎಂದು ಬರೆದಿದ್ದೇನೆ. ಹುಸಿನಗೆ, ಹುಸಿಕೋಪದ ಹಾಗೆ ಇದು ಸಲೀಸಾಗಿ ಕೂತಿದೆ ಎನಿಸುತ್ತದೆ.

ಉಳಿದದ್ದು ‘ವಾಹಕ’. ಒಂದೇ ಕೆಟ್ಟ ಜೀನ್ ಇರುವವರಿಗೆ ಈ ಪದ ಬಳಕೆಯಲ್ಲಿದೆ. ಮಲೇರಿಯಾದ ಸೊಳ್ಳೆಯೂ ರೋಗವಾಹಕವೇ. ತಾನು ಕಾಯಿಲೆ ಹರಡುವವಳು ಎಂಬ ಭಾವ ತಾಯಿಯ ಮನಸ್ಸಿಗೆ ಬಾರದಂಥ ಮಾತು ಬೇಕು. ನನಗಿನ್ನೂ ಹೊಳೆದಿಲ್ಲ.

ಕೇಳಬೇಕಾದದ್ದು ಎರಡು. ಕಡಿಮೆ–ಕೊರತೆಗಳ ಈ ವ್ಯತ್ಯಾಸ ನಿಮ್ಮ ಕಡೆಯ ಮಾತಿನಲ್ಲೂ ನಿಲ್ಲುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ‘ಕಮ್ಮಿ’ ಎಂದಾಗ ‘ಸಾಲದು’ ಎಂಬ ಅರ್ಥವೂ ಅದರೊಳಗೆ ಬರುತ್ತದೆಯೇ? ಎರಡನೆಯದು, ‘ವಾಹಕ’ಕ್ಕೆ ಬದಲು ನಿಮ್ಮ ಮನೆಮಾತಿನಲ್ಲಿ ಏನಾದರೂ ಇದ್ದರೆ, ಎಷ್ಟೇ ಒರಟಾಗಿದ್ದರೂ ಸರಿ, ಬರೆದು ಕಳಿಸಿ.