ಬ್ರಹ್ಮಾವರದ ಆರ್ಥಡಾಕ್ಸ್ ಇಗರ್ಜಿ: ಪೋಪರಿಂದ ಬೇರೆಯಾದದ್ದು ಯಾಕೆ, ಬಿಷಪ್ ಸಿಕ್ಕಿದ್ದು ಎಲ್ಲಿಂದ?

ಸೀತಾನದಿ (ಪ್ರಶ್ನೆ)

ಉಡುಪಿ ಜಿಲ್ಲೆಯ ಇಗರ್ಜಿಗಳ ಬಗ್ಗೆ ಒಂದು ಕಿರುಲೇಖನ ಬರೆಯುತ್ತಿದ್ದೇನೆ. ಬ್ರಹ್ಮಾವರದ ಸಂತ ಮೇರಿ ಇಗರ್ಜಿಯಲ್ಲಿ ಸಿಕ್ಕಿಹಾಕಿಕೊಂಡೆ. ಜನ ಕೊಂಕಣಿ ಕ್ರೈಸ್ತರು, ಮನೆತನದ ಹೆಸರುಗಳು ಪೋರ್ಚುಗೀಸ್, ಬೋರ್ಡಿನಲ್ಲಿ ಮಾತ್ರ "ಆರ್ಥಡಾಕ್ಸ್ ಸಿರಿಯನ್". ಒಬ್ಬರು "ಕೇರಳದಿಂದ ಬಂದವರು" ಅಂತಾರೆ, ಇನ್ನೊಬ್ಬರು "ಯುರೋಪಿನ ಓಲ್ಡ್ ಕ್ಯಾಥೊಲಿಕ್ ಶಾಖೆ" ಅಂತಾರೆ. ಯಾವುದು ಸರಿ? ಪೋಪರು ಒಪ್ಪದೆ ಒಬ್ಬ ಪಾದ್ರಿ ಬಿಷಪ್ ಆಗುವುದಾದರೂ ಹೇಗೆ?

ಹಳೆ_ದಫ್ತರ

ಎರಡೂ ಅಲ್ಲ. ಓಲ್ಡ್ ಕ್ಯಾಥೊಲಿಕರ ಜಗಳ ಬಹುಪಾಲು ಸಿದ್ಧಾಂತದ್ದು. 1870ರ ವ್ಯಾಟಿಕನ್ ಮಹಾಸಭೆ ಪೋಪರು ತಪ್ಪಲಾರರೆಂದು ಘೋಷಿಸಿದ್ದನ್ನು ಒಪ್ಪದವರು ಅವರು. ಬ್ರಹ್ಮಾವರದ್ದು ಯಜಮಾನಿಕೆಯ ಜಗಳ.

ಪೋರ್ಚುಗಲ್ ರಾಜನಿಗೆ ಇಲ್ಲಿನ ಬಿಷಪರನ್ನು ಸೂಚಿಸುವ ಹಕ್ಕಿತ್ತು. ಅದಕ್ಕೆ ಪದ್ರೊವಾದೊ ಎನ್ನುತ್ತಿದ್ದರು. ರೋಮಿನ ಪ್ರೊಪಗಾಂಡ ಕಚೇರಿ ತನ್ನದೇ ಮಿಷನರಿಗಳನ್ನು ಕಳಿಸತೊಡಗಿದ ಮೇಲೆ ಒಂದೇ ಸೀಮೆಗೆ ಇಬ್ಬರು ಒಡೆಯರಾದರು. 1838ರಲ್ಲಿ ಪೋಪ್ ಹದಿನಾರನೇ ಗ್ರೆಗರಿ ಗೋವಾದಾಚೆಯ ಪದ್ರೊವಾದೊ ಅಧಿಕಾರ ಕಿತ್ತುಕೊಂಡಾಗಲೂ ಗೋವಾದ ಪಾದ್ರಿಗಳು ಜಗ್ಗಲಿಲ್ಲ. ಕೊನೆಗೆ 1886ರಲ್ಲಿ ಪೋಪ್ ಹದಿಮೂರನೇ ಲಿಯೊ ಪೋರ್ಚುಗಲ್ ಜೊತೆ ಹೊಸ ಒಪ್ಪಂದ ಮಾಡಿ, ಅದೇ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಹೊಸ ಧರ್ಮಪ್ರಾಂತಗಳ ವ್ಯವಸ್ಥೆ ತಂದರು. ಗೋವಾ ಆರ್ಚ್‌ಬಿಷಪ್ಪರ ಕೈಕೆಳಗಿದ್ದ, ಬ್ರಹ್ಮಾವರದ ಹತ್ತಿರದ ಕಲ್ಯಾಣಪುರ ಸೀಮೆ ಮಂಗಳೂರಿಗೆ, ಅಂದರೆ 1878ರ ಕೊನೆಗೆ ಬಂದಿಳಿದಿದ್ದ ಇಟಲಿಯ ಜೆಸ್ವಿಟ್ ಪಂಗಡದ ಪಾದ್ರಿಗಳ ಕೈಗೆ ಹೋಯಿತು. ತಲೆಮಾರುಗಳಿಂದ ಗೋವಾದ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿದವರಿಗೆ ಇದು ಹೇಗೆ ಕಂಡಿರಬಹುದು, ಯೋಚಿಸಿ. ಸಿಲೋನಿನಲ್ಲೂ (ಈಗಿನ ಶ್ರೀಲಂಕಾ) ಇದೇ ಗಲಾಟೆ. ಅಲ್ಲಿ ಮುಂದಾಳು ಗೋವಾ ಮೂಲದ ವೈದ್ಯ ಲಿಸ್ಬೋವ ಪಿಂಟೊ.

ಹೀಗೆ ಬೇರೆಯಾದವರಿಗೆ ವಿಶ್ವಾಸದಲ್ಲಿ ತಕರಾರೇ ಇರಲಿಲ್ಲ. ತಾವು ಕಟ್ಟಿದ ಹೊಸ ಸಭೆಗೆ "ಸಿಲೋನ್, ಗೋವಾ ಮತ್ತು ಇಂಡಿಯಾದ ಸ್ವತಂತ್ರ ಕಥೋಲಿಕ ಸಭೆ" ಎಂದು ಹೆಸರಿಟ್ಟಿದ್ದರಲ್ಲೇ ಅದು ಗೊತ್ತಾಗುತ್ತದೆ.

ಮೂರು_ಕೈ

ಬಿಷಪ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬಿಷಪರನ್ನು ಬಿಷಪರೇ ತಲೆಯ ಮೇಲೆ ಕೈಯಿಟ್ಟು ಅಭಿಷೇಕಿಸಬೇಕು. ಕ್ರಿ.ಶ. 325ರ ನೈಸಿಯಾ ಸಭೆಯ ನಿಯಮದಂತೆ ಕನಿಷ್ಠ ಮೂವರು ಬೇಕು. ರೋಮಿನ ಲೆಕ್ಕದಲ್ಲಿ ಪೋಪರ ಆಜ್ಞೆಯಿಲ್ಲದ ಅಭಿಷೇಕ ಅಕ್ರಮ, ಆದರೆ ಅಷ್ಟಕ್ಕೇ ಅಸಿಂಧು ಅಲ್ಲ. ಸ್ವತಂತ್ರ ಕಥೋಲಿಕ ಸಭೆಗಳೆಲ್ಲ ನುಸುಳುವುದು ಈ ಸಂದಿಯಲ್ಲಿ. ಬೇಕಾದದ್ದು ಪರಂಪರೆ ಕಡಿಯದ, ಪೋಪರಿಗೆ ಅಧೀನರಲ್ಲದ ಬಿಷಪರು. ಅಂಥವರು ಪಕ್ಕದ ಮಲಂಕರದಲ್ಲೇ, ಅಂದರೆ ಕೇರಳದ ಸಿರಿಯನ್ ಸಭೆಯಲ್ಲೇ ಇದ್ದರು.

ಗೋವಾದ ವೆರ್ಣದಲ್ಲಿ 1836ರಲ್ಲಿ ಹುಟ್ಟಿದ, ಪತ್ರಿಕೆ ನಡೆಸಿ ಸರ್ಕಾರವನ್ನೂ ಸಭೆಯ ಹಿರಿಯರನ್ನೂ ಎದುರು ಹಾಕಿಕೊಂಡಿದ್ದ ಪಾದ್ರಿ ಆಲ್ವಾರಿಸ್ ಅಲ್ಲಿಗೆ ಹೋದರು. ಸಿರಿಯನ್ ಆರ್ಥಡಾಕ್ಸ್ ಸಭೆಯ ಮುಖ್ಯಸ್ಥರಾದ ಅಂತಿಯೋಕ್ಯದ ಪಿತೃಪ್ರಧಾನರ ಒಪ್ಪಿಗೆಯ ಮೇಲೆ 1889ರ ಜುಲೈಯಲ್ಲಿ ಕೊಟ್ಟಾಯಂನ ಹಳೆ ಸೆಮಿನರಿಯಲ್ಲಿ ಅವರಿಗೆ ಅಭಿಷೇಕವಾಯಿತು, ಹೆಸರು ಮಾರ್ ಜೂಲಿಯಸ್ ಎಂದಾಯಿತು. ಅಭಿಷೇಕಿಸಿದವರಲ್ಲಿ ಈಗ ಸಂತರೆಂದು ಪೂಜೆಗೊಳ್ಳುವ ಪರುಮಲದ ಮಾರ್ ಗ್ರೆಗೋರಿಯೋಸ್ ಕೂಡ ಇದ್ದರು. ಗಮನಿಸಿ, ಪರಂಪರೆ ಸಿರಿಯನ್ ಆದರೂ ಪೂಜಾವಿಧಿ ಲ್ಯಾಟಿನ್ನೇ ಉಳಿಯಿತು. ಬ್ರಹ್ಮಾವರದಲ್ಲಿ ಸಭೆಯನ್ನು ಕಟ್ಟಿ ನಿಲ್ಲಿಸಿದವರು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ. ಅವರು ತೀರಿಕೊಂಡದ್ದು 1936ರಲ್ಲಿ.

ಅಂತರ್ಜಾಲದ ವಂಶಾವಳಿಗಳನ್ನು ನೋಡುವಾಗ ಹುಷಾರು. 1892ರ ಮೇ 29ರಂದು ಕೊಲಂಬೊದಲ್ಲಿ ಆಲ್ವಾರಿಸ್ ಅವರು ರೆನೆ ವಿಲಾಟ್ ಎಂಬವರನ್ನು ಅಮೆರಿಕಕ್ಕಾಗಿ ಬಿಷಪ್ ಮಾಡಿದರು. ವಿಲಾಟ್ ಮುಂದೆ ಕಂಡಕಂಡವರಿಗೆ ಅಭಿಷೇಕ ಕೊಟ್ಟು, ಕೊನೆಗೆ 1925ರಲ್ಲಿ ತಾವೇ ರೋಮಿಗೆ ಮರಳಿದರು! ಅವರ ಸಾಲಿನಿಂದ ಬಂದ ಪುಟ್ಟಪುಟ್ಟ ಸಭೆಗಳು ಇವತ್ತಿಗೂ ಆಲ್ವಾರಿಸ್ ಹೆಸರು ಹೇಳಿಕೊಳ್ಳುತ್ತವೆ. ಅಂತಿಯೋಕ್ಯದವರು ಆ ಸಾಲನ್ನು ಮಾನ್ಯ ಮಾಡುವುದಿಲ್ಲ, ಬ್ರಹ್ಮಾವರಕ್ಕೂ ಅವಕ್ಕೂ ಸಂಬಂಧವಿಲ್ಲ. "ಓಲ್ಡ್ ಕ್ಯಾಥೊಲಿಕ್" ಗೊಂದಲ ಹುಟ್ಟಿದ್ದೂ ಬಹುಶಃ ಇಲ್ಲೇ, ಯಾಕೆಂದರೆ ವಿಲಾಟರಿಗೆ ಪಾದ್ರಿ ದೀಕ್ಷೆ ಕೊಟ್ಟವರು ಸ್ವಿಟ್ಜರ್ಲೆಂಡಿನ ಓಲ್ಡ್ ಕ್ಯಾಥೊಲಿಕರು.

ಸೀತಾನದಿ

ತುಂಬ ಉಪಕಾರವಾಯಿತು. ಹಾಗಾದರೆ ಈಗ ಅದನ್ನು "ಸ್ವತಂತ್ರ" ಅಂತ ಬರೆಯಬಹುದೇ? ಇನ್ನೊಂದು ಸಂಗತಿ: ರೋಮನ್ ಕಥೋಲಿಕರ ಜೊತೆ ಮದುವೆ ಸಂಬಂಧಕ್ಕೆ ಅಡ್ಡಿ ಇದೆಯೇ?

ಹಳೆ_ದಫ್ತರ

ಬರೆಯಬೇಡಿ. ಈಗ ಅದು ಮಲಂಕರ ಆರ್ಥಡಾಕ್ಸ್ ಸಭೆಯ ಭಾಗ. 2010ರಿಂದ ಬ್ರಹ್ಮಾವರವೇ ಒಂದು ಧರ್ಮಪ್ರಾಂತ. ಆಲ್ವಾರಿಸ್ 1923ರ ಸೆಪ್ಟೆಂಬರ್ 23ರಂದು ಗೋವಾದ ರಿಬಂದರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲಿನ ಆರ್ಥಡಾಕ್ಸ್ ಇಗರ್ಜಿಯಲ್ಲಿದೆ.

ಮೂರು_ಕೈ

ಮದುವೆ ಬಗ್ಗೆ ರೋಮನ್ ಕಡೆಯ ನಿಯಮ ಇಷ್ಟು: ಇಬ್ಬರಿಗೂ ದೀಕ್ಷಾಸ್ನಾನ ಆಗಿರುವುದರಿಂದ ಹಿಂದೂ–ಕ್ರೈಸ್ತ ಮದುವೆಗೆ ಬೇಕಾದಂಥ ವಿನಾಯಿತಿ ಬೇಡ, ಬಿಷಪರ ಅನುಮತಿ ಸಾಕು (ಕಥೋಲಿಕ ಸಭೆಯ ಕಾನೂನು ಸಂಹಿತೆಯ ನಿಯಮ 1124). ಅರ್ಜಿ ಸಾಗುವುದು ಕಥೋಲಿಕ ವಧು ಅಥವಾ ವರನ ವಿಗಾರರ (ಇಗರ್ಜಿಯ ಮುಖ್ಯ ಪಾದ್ರಿ) ಮೂಲಕ. ಇಬ್ಬರ ದೀಕ್ಷಾಸ್ನಾನದ ಪತ್ರ, ಬೇರೆ ಮದುವೆ ಆಗಿಲ್ಲವೆಂಬ ಪತ್ರ, ಮಕ್ಕಳ ಬಗ್ಗೆ ಕಥೋಲಿಕರು ಕೊಡುವ ವಚನ ಇವು ಬೇಕು. ಆರ್ಥಡಾಕ್ಸ್ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ನಡೆದರೂ ಮದುವೆ ಸಿಂಧು (ನಿಯಮ 1127), ಆದರೆ ಕ್ರಮಬದ್ಧವಾಗಬೇಕಾದರೆ ಮೊದಲೇ ಬಿಷಪರಿಂದ ವಿನಾಯಿತಿ ಪಡೆಯಬೇಕು. ಎಡವಟ್ಟಾಗುವುದು ಎರಡೂ ಮನೆಯವರ ಸಮಾಧಾನಕ್ಕೆಂದು ಎರಡೂ ಇಗರ್ಜಿಯಲ್ಲಿ ಮದುವೆ ಇಟ್ಟುಕೊಂಡಾಗ. ಸಮ್ಮತಿ ವಚನ ಎರಡು ಸಲ ಹೇಳಿಸುವುದನ್ನು ಅದೇ ನಿಯಮ ನಿಷೇಧಿಸುತ್ತದೆ. ಆರ್ಥಡಾಕ್ಸ್ ಕಡೆಯ ನಿಯಮ ಬೇರೆ, ಹಾಲ್ ಬುಕ್ ಮಾಡುವ ಮೊದಲೇ ಬ್ರಹ್ಮಾವರದ ವಿಗಾರರನ್ನೂ ಕೇಳಲು ಹೇಳಿ.